ಸಂಶೋಧನೆಯ ಬಾಗಿಲು ಮತ್ತು ನಮ್ಮ ಮಕ್ಕಳು

ಮೂರು ವರ್ಷಗಳ ಹಿಂದೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಭೌತಶಾಸ್ತ್ರದಲ್ಲಿ ಎಂ.ಎಸ್‌ಸಿ. ಮುಗಿಸಿ ಬಂದು, "ಗುರುಗಳೇ, ಪಿಎಚ್.ಡಿ.ಗೆ ಸೇರಲೇ?" ಎಂದು ಕೇಳಿದನು. ಒಕ್ಕಲುತನದ ಮನೆ, ಸಾಲ ಬೇರೆ. ಇನ್ನೂ ಐದು ವರ್ಷ ತಂದೆಗೆ ಹೊರೆಯಾಗಬೇಡವೆಂದು ಬುದ್ಧಿ ಹೇಳಿದೆನು. ಶಬ್ದಮಣಿದರ್ಪಣ ಪಾಠ ಹೇಳುವವನು ಅರಿಯದ ವಿಷಯದಲ್ಲಿ ಅರಿಯೆನೆನ್ನಬೇಕಿತ್ತು, ಎನ್ನಲಿಲ್ಲ.

ಸಂಶೋಧನೆಯು ಹೊರೆಯಲ್ಲವೆಂಬುದು ಅನಂತರ ತಿಳಿಯಿತು. ವಿಜ್ಞಾನದ ವಿದ್ಯಾರ್ಥಿಯು ಸಿ.ಎಸ್.ಐ.ಆರ್.–ಯು.ಜಿ.ಸಿ. ನೆಟ್ ಪರೀಕ್ಷೆಯಲ್ಲಿ ಕಿರಿಯ ಸಂಶೋಧನಾ ವೇತನಕ್ಕೆ ಅರ್ಹನಾಗಿ ಎಲ್ಲಿಯಾದರೂ ಪ್ರವೇಶ ಪಡೆದರೆ, 2023ರ ಜನವರಿಯಿಂದ ಜಾರಿಗೆ ಬಂದ ದರದಂತೆ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ ದೊರೆಯುತ್ತದೆ. ಎಂಜಿನಿಯರಿಂಗ್ ಓದಿದವರಿಗೆ ಗೇಟ್ ಪರೀಕ್ಷೆಯ ದಾರಿಯುಂಟು. ಆದರೆ ಅಂಕಗಳು ಹೊಸ್ತಿಲವರೆಗೆ ಮಾತ್ರ, ಮುಂದೆ ಸಂದರ್ಶನವಿರುತ್ತದೆ. ಮಾರ್ಗದರ್ಶಕರಾಗಬಲ್ಲವರ ಎರಡು ಲೇಖನಗಳನ್ನಾದರೂ ಓದಿ, ತನಗೆ ತೋರಿದ ಪ್ರಶ್ನೆಯನ್ನು ಅವರಿಗೆ ಬರೆಯಬೇಕು. ನೂರು ಜನರಿಗೆ ಒಂದೇ ಒಕ್ಕಣೆಯನ್ನು ಕಳುಹಿಸುವುದು ಗುರುವನ್ನರಸುವ ರೀತಿಯಲ್ಲ.

ಈ ಪರೀಕ್ಷೆಗಳ ಪ್ರಶ್ನೆಪತ್ರಿಕೆ ಕನ್ನಡದಲ್ಲಿಲ್ಲವೆಂಬುದು ಕನ್ನಡ ಪಂಡಿತನಿಗೆ ನೋವಿನ ಸಂಗತಿಯೇ. ಮೈಸೂರು ಸಂಸ್ಥಾನವು ನೀಡಿದ 371 ಎಕರೆ ನೆಲದಲ್ಲಿ, 1909ರಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಸಂಸ್ಥೆಯು ನಿಂತಿದೆ. ನಮ್ಮ ಹಳ್ಳಿಯ ಮಕ್ಕಳಲ್ಲಿ ಹಲವರು ಅದನ್ನು ಬಸ್ಸಿನ ಕಿಟಕಿಯಿಂದಷ್ಟೇ ಕಂಡವರು.

ದಾನಿಗಳು ಬೆಳ್ಳಿಯ ಲೋಟಗಳನ್ನು ಬಹುಮಾನವೀಯುವ ಬದಲು ಪರೀಕ್ಷಾ ಶುಲ್ಕವನ್ನೂ ಸಂದರ್ಶನದ ಪ್ರಯಾಣವೆಚ್ಚವನ್ನೂ ವಹಿಸಿಕೊಳ್ಳಬಾರದೇಕೆ? ಸಂಶೋಧನೆಯಲ್ಲಿರುವ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೊಂದು ದಿನ ಬಂದು ಈ ಮಕ್ಕಳೊಡನೆ ಕುಳಿತುಕೊಳ್ಳಲಿ.

ಅಂದು ನನ್ನ ಮಾತನ್ನು ನಂಬಿ ಹೋದವನು ಇಂದು ಪಟ್ಟಣದ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದಾನೆ. ಅರ್ಜಿ ಹಾಕೆಂದು ಕಳೆದ ತಿಂಗಳು ಅವನಿಗೆ ಪತ್ರ ಬರೆದಿದ್ದೇನೆ.