ಗಜದ ಲೆಕ್ಕವೂ ಕೀರ್ತಿಮಂದಿರವೂ

ಅಮೆರಿಕೆಯ ಓಹಾಯೊ ರಾಜ್ಯದ ಕ್ಯಾಂಟನ್ ಎಂಬ ಊರಿನಲ್ಲಿ ವೃತ್ತಿಪರ ಫುಟ್‌ಬಾಲಿನ ಕೀರ್ತಿಮಂದಿರವೊಂದು 1963ರಿಂದ ಇದೆ. ಆ ದೇಶದವರ ಫುಟ್‌ಬಾಲು ನಾವು ಆಡುವ ಕಾಲ್ಚೆಂಡಾಟವಲ್ಲ. ಅಂಡಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಎದುರಾಳಿಗಳ ಗೋಡೆಯನ್ನು ಸೀಳಿ ನುಗ್ಗುವ ಆಟ. ಹಾಗೆ ನುಗ್ಗುವುದನ್ನೇ ಕಸುಬಾಗಿ ಉಳ್ಳವನಿಗೆ ರನ್ನಿಂಗ್ ಬ್ಯಾಕ್ ಎಂದು ಹೆಸರು. ಆತ ಓಡಿದ ಒಂದೊಂದು ಗಜಕ್ಕೂ ಅಲ್ಲಿ ಲೆಕ್ಕವಿದೆ. ಈಗಿನ ಓಟಗಾರರಲ್ಲಿ ಕ್ಯಾಂಟನ್ನಿನ ಬಾಗಿಲು ಯಾರಿಗೆ ತೆರೆದೀತೆಂಬ ಚರ್ಚೆ ಅಲ್ಲಿ ನಿಂತದ್ದೇ ಇಲ್ಲ. ಆಟ ಬಿಟ್ಟು ಐದು ವರ್ಷ ಕಳೆಯದೆ ಯಾರ ಹೆಸರೂ ಪರಿಶೀಲನೆಗೆ ಬಾರದು. ಬಂದಮೇಲೂ ಆಯ್ಕೆ ಮಂಡಲಿಯ ನೂರಕ್ಕೆ 80ರಷ್ಟು ಮತ ಬೇಕು.

ಡೆರಿಕ್ ಹೆನ್ರಿಯ ವಿಷಯದಲ್ಲಿ ವಾದಕ್ಕೆ ಎಡೆಯಿಲ್ಲವೆಂದೇ ನನ್ನ ಎಣಿಕೆ. 2020ರಲ್ಲಿ 2,027 ಗಜ ಓಡಿದ ಈ ದೈತ್ಯ, ಓಟಗಾರರು ಮೂಲೆ ಸೇರುವ ಮೂವತ್ತರ ಪ್ರಾಯದಲ್ಲಿ, ಅಂದರೆ 2024ರಲ್ಲಿ, ಬಾಲ್ಟಿಮೋರ್ ತಂಡಕ್ಕೆ ಬಂದು 1,921 ಗಜ ಓಡಿದ.

ಸಾಕ್ವಾನ್ ಬಾರ್ಕ್ಲಿಯ ಪ್ರಶ್ನೆ ಅಷ್ಟು ಸುಲಭದ್ದಲ್ಲ. 2024ರಲ್ಲಿ ಫಿಲಡೆಲ್ಫಿಯಾದ ಪರವಾಗಿ ಆತ 2,005 ಗಜ ಓಡಿದ. ಎರಿಕ್ ಡಿಕರ್ಸನ್ 1984ರಲ್ಲಿ ಸ್ಥಾಪಿಸಿದ 2,105 ಗಜಗಳ ದಾಖಲೆಯನ್ನು ಸರಿಗಟ್ಟಲು ನೂರೇ ಗಜ ಉಳಿದಿತ್ತು. ಆದರೆ ಮುಂದಿನ ದೊಡ್ಡ ಪಂದ್ಯಗಳಿಗಾಗಿ ತಂಡವು ಕೊನೆಯ ಪಂದ್ಯದಲ್ಲಿ ಆತನಿಗೆ ವಿಶ್ರಾಂತಿ ಕೊಟ್ಟಿತು. ತಂಡ ಸೂಪರ್ ಬೌಲ್ ಗೆದ್ದಿತು, ಅದೂ ಆತನ ಇಪ್ಪತ್ತೆಂಟನೆಯ ಹುಟ್ಟುಹಬ್ಬದಂದೇ. ಅಷ್ಟಾದರೂ ಒಂದು ವರ್ಷದ ವೈಭವ ಸಾಲದು. ಜಮಾಲ್ ಲೂಯಿಸ್ 2003ರಲ್ಲಿ, ಕ್ರಿಸ್ ಜಾನ್ಸನ್ 2009ರಲ್ಲಿ ಎರಡು ಸಾವಿರ ಗಜ ದಾಟಿದವರು. 2025ರ ವರೆಗೂ ಇಬ್ಬರಿಗೂ ಪ್ರವೇಶ ದೊರೆತಿರಲಿಲ್ಲ.

ಕ್ರಿಸ್ಟಿಯನ್ ಮೆಕ್ಯಾಫ್ರಿಯ ಬಗೆಯೇ ಬೇರೆ. ಓಡುವುದರಲ್ಲಿ ಎಷ್ಟು ನಿಪುಣನೋ ಎಸೆದ ಚೆಂಡನ್ನು ಹಿಡಿಯುವುದರಲ್ಲಿಯೂ ಅಷ್ಟೇ ನಿಪುಣ. 2019ರಲ್ಲಿ ಎರಡು ವಿಧದಲ್ಲಿಯೂ ಸಾವಿರ ಸಾವಿರ ಗಜ ದಾಟಿದ. ಗಾಯಗಳಾದರೋ ಆತನನ್ನು 2020ರಲ್ಲಿ ಮೂರು, 2024ರಲ್ಲಿ ನಾಲ್ಕು ಪಂದ್ಯಗಳಿಗೆ ಕಟ್ಟಿಹಾಕಿದುವು. ಬರಿಯ ಓಟದ ಗಜವನ್ನೆಣಿಸುವವರಿಗೆ ಈತ ಸಿಕ್ಕುವವನಲ್ಲ.

ನನ್ನ ಆಕ್ಷೇಪವಿರುವುದು ಈ ಅಳತೆಗೋಲಿನ ಮೇಲೆಯೇ. ಜಿಮ್ ಬ್ರೌನ್ ಒಂಬತ್ತೇ ಋತುಗಳಲ್ಲಿ 12,312 ಗಜ ಓಡಿ 1971ರಲ್ಲಿ ಮಂದಿರ ಸೇರಿದ. ಆಗ ಚೆಂಡು ಒಬ್ಬನ ಕೈಯಲ್ಲಿಯೇ ಇರುತ್ತಿತ್ತು. ಇಂದು ಎಸೆತಕ್ಕೆ ಪ್ರಾಧಾನ್ಯ. ಉಳಿದ ಓಟವನ್ನು ಇಬ್ಬರು ಮೂವರಿಗೆ ಹಂಚುತ್ತಾರೆ, ಕೂಲಿಯನ್ನೂ ಹಿಂಡುತ್ತಾರೆ. ಮೊಣಕಾಲು ಸವೆಯಿತೆಂದರೆ ಗಾಣಕ್ಕೆ ಕೊಟ್ಟ ಕಬ್ಬಿನ ಸಿಪ್ಪೆಯ ಗತಿ! ಅಂಥವನಿಂದ ಹಳೆಯ ಕಾಲದ ಗಜವನ್ನೇ ಕೇಳುವುದು ಯಾವ ನ್ಯಾಯ?

ಮಂಡಲಿಗೆ ಈ ವಿವೇಕ ಇಲ್ಲವೆನ್ನಲಾಗದು. ಗೇಲ್ ಸೇಯರ್ಸ್ ಓಡಿದ್ದು 4,956 ಗಜ ಮಾತ್ರ. 1977ರಲ್ಲಿ, ಮೂವತ್ತನಾಲ್ಕನೆಯ ವಯಸ್ಸಿಗೇ, ಒಳಗೆ ಕರೆದರು. 7,607 ಗಜದ ಟೆರೆಲ್ ಡೇವಿಸ್‌ಗೆ 2017ರಲ್ಲಿ ಮನ್ನಣೆ ದೊರೆಯಿತು. 11,695 ಗಜ ಓಡಿದ ಫ್ರೆಡ್ ಟೇಲರ್ ಮಾತ್ರ 2025ರಲ್ಲಿಯೂ ಹೊರಗೇ ಉಳಿದ. ಆದುದರಿಂದ ಮೆಕ್ಯಾಫ್ರಿಗೆ ಸ್ಥಾನ ಸಲ್ಲಬೇಕೆಂಬುದೇ ನನ್ನ ಮತ. ಬಾರ್ಕ್ಲಿಗೆ ಇನ್ನೂ ಎರಡಾದರೂ ಭರ್ಜರಿ ಋತುಗಳು ಬೇಕು. ಆತನಿಗೆ ಮೂವತ್ತು ತುಂಬುವುದು 2027ರ ಫೆಬ್ರವರಿಯಲ್ಲಿ.