ಆಪರೇಷನ್ ಆಯಿತು, ಸಂಸಾರ ಉಳಿಯಿತೇ?

ಹಣ ಕೊಡಲಾರದ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಕೂಡದೆಂದು 1946ರಲ್ಲಿಯೇ ಭೋರ್ ಸಮಿತಿ ಸಾರಿತು. ಸ್ವಾತಂತ್ರ್ಯ ಬಂದು ಮುಕ್ಕಾಲು ಶತಮಾನ ದಾಟಿದೆ. ಇಂದಿಗೂ ಡಾಕ್ಟರು ಆಪರೇಷನ್ ಎಂದೊಡನೆ ಬಡವನ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ "ಎಷ್ಟಾಗುತ್ತದೆ?" ಎಂಬುದೇ.

ಕಾರ್ಡು ಕೊಟ್ಟಿದ್ದೇವಲ್ಲ ಎನ್ನುತ್ತಾರೆ ಆಳುವವರು. ನಿಜ. 2003ರಲ್ಲಿ ಸಹಕಾರಿ ರೈತರಿಗೆ ಯಶಸ್ವಿನಿ ಬಂತು. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯು ಬಡತನ ರೇಖೆಯ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ನಿಗದಿ ಮಾಡಿತು. ಇವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ರೇಖೆಯಿಂದ ಒಂದು ಗೇಣು ಮೇಲಿರುವ ಕಿರಾಣಿ ಅಂಗಡಿಯವನಿಗೆ ಅದೇ ಯೋಜನೆ ಗೊತ್ತುಮಾಡಿದ್ದು ದರದ ಶೇಕಡಾ 30 ಮಾತ್ರ. ಉಳಿದ 70 ಎಲ್ಲಿಂದ ಬರಬೇಕು? ಅಂಗಡಿಯ ಬಂಡವಾಳದಿಂದ, ಅದು ಮುಗಿದರೆ ಹೆಂಡತಿಯ ಕೊರಳಿನಿಂದ.

ಕಾರ್ಡು ಎಣಿಸದ ಖರ್ಚು ಇನ್ನೊಂದಿದೆ. ಮೂಟೆ ಹೊರುವ ಹಮಾಲನಿಗೆ ಹರ್ನಿಯಾ ಆಗಿದೆಯೆನ್ನಿ. ಕಾಲಕ್ಕೆ ಸರಿಯಾಗಿ ಮಾಡಿಸಿದರೆ ಸಣ್ಣ ಆಪರೇಷನ್ನು. ಆದರೆ ಅನಂತರ ಹಲವು ವಾರ ಭಾರ ಎತ್ತುವಂತಿಲ್ಲ. ಆ ವಾರಗಳ ಕೂಲಿ ಕೊಡುವವರಾರು? ಬಸ್ ಚಾರ್ಜು, ಜೊತೆಗಿರುವವರ ಊಟ, ಅವರು ಬಿಟ್ಟ ಕೆಲಸ, ಇವಕ್ಕೆ ಯಾವ ಕಾರ್ಡಿದೆ? ಆದುದರಿಂದ ಆತ ಸೊಂಟಕ್ಕೆ ಪಟ್ಟಿ ಬಿಗಿದು ಮತ್ತೆ ಮೂಟೆಗೆ ಬೆನ್ನು ಕೊಡುತ್ತಾನೆ. ಒಂದು ದಿನ ಕರುಳು ಸಿಕ್ಕಿಕೊಂಡು ರಕ್ತಸಂಚಾರ ನಿಲ್ಲುತ್ತದೆ. ಆಗ ನಡುರಾತ್ರಿಯ ವಾಹನ, ದೊಡ್ಡ ಆಪರೇಷನ್ನು, ಬಡ್ಡಿ ಸಾಲ, ಅದೃಷ್ಟವಿದ್ದರೆ ಪ್ರಾಣ.

ಇದು ನಮ್ಮೊಬ್ಬರ ಗೋಳಲ್ಲ. ಶಸ್ತ್ರಚಿಕಿತ್ಸೆಯ ಖರ್ಚಿನಿಂದಲೇ ಜಗತ್ತಿನಲ್ಲಿ ವರ್ಷಕ್ಕೆ 3.3 ಕೋಟಿ ಜನರ ಸಂಸಾರ ಮುರಿಯುತ್ತದೆಂದೂ, ಪ್ರಯಾಣ ಊಟಗಳಂಥ ಹೊರ ಖರ್ಚಿನಿಂದ ಮತ್ತೆ 4.8 ಕೋಟಿ ಜನ ಕೆಡುತ್ತಾರೆಂದೂ 2015ರಲ್ಲಿ ಲ್ಯಾನ್ಸೆಟ್ ಆಯೋಗ ಅಂದಾಜು ಮಾಡಿತು. ಆಸ್ಪತ್ರೆಯ ಬಿಲ್ಲಿಗಿಂತ ಬಾಗಿಲಾಚೆಯ ಬಿಲ್ಲೇ ಹೆಚ್ಚು ಮನೆಗಳನ್ನು ಕೆಡಿಸುತ್ತಿದೆ.

ದಾರಿ ಇಲ್ಲವೇ? ಇದೆ. ಕಾಯಿಲೆ ಬಿದ್ದ ವಿಮಾದಾರ ಕಾರ್ಮಿಕನಿಗೆ ಇ.ಎಸ್.ಐ. ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ಶೇಕಡಾ 70ನ್ನು ಕೊಡುತ್ತದೆ. ಗಿರಣಿಯ ಕಾಯಂ ಕೆಲಸಗಾರನಿಗೆ ನ್ಯಾಯವಾದುದು ಹಮಾಲನಿಗೆ, ತಳ್ಳುಗಾಡಿಯವನಿಗೆ ಏಕೆ ಅನ್ಯಾಯವಾಗಬೇಕು?

ನಮ್ಮ ಒತ್ತಾಯ ಇಷ್ಟು. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಶಸ್ತ್ರವೈದ್ಯ, ಅರಿವಳಿಕೆ ವೈದ್ಯ, ರಕ್ತ, ಈ ಮೂರೂ ಹಗಲಿರುಳು ಇರಬೇಕು. ಒಂದಿಲ್ಲದಿದ್ದರೆ ಉಳಿದೆರಡು ವ್ಯರ್ಥ. ಔಷಧದ ಚೀಟಿ ಆಸ್ಪತ್ರೆಯ ಬಾಗಿಲು ದಾಟಬಾರದು. ಗುಣವಾಗುವ ದಿನಗಳಿಗೆ ಅಸಂಘಟಿತ ದುಡಿಮೆಗಾರರಿಗೂ ಸಣ್ಣ ವ್ಯಾಪಾರಿಗಳಿಗೂ ಕೂಲಿ ಭತ್ಯೆ ಸಲ್ಲಬೇಕು. ಪೊಟ್ಟಣದ ಮೇಲಿನ ಬೆಲೆಗಿಂತ ಒಂದು ರೂಪಾಯಿ ಹೆಚ್ಚು ಪಡೆದ ಅಂಗಡಿಯವನಿಗೆ ದಂಡವಿರುವಾಗ, ಖಾಸಗಿ ಆಸ್ಪತ್ರೆಯ ದರಪಟ್ಟಿಯೂ ಜನರ ಕಣ್ಣಿಗೆ ಬೀಳಲಿ.

ಕಾರ್ಮಿಕ ಸಂಘವೂ ವರ್ತಕರ ಸಂಘವೂ ಈ ಬೇಡಿಕೆಗೆ ಒಟ್ಟಾಗಿ ರುಜು ಹಾಕಬೇಕೆಂದು ನಾವು ಕರೆಕೊಡುತ್ತೇವೆ. ರೋಗ ಬರುವಾಗ ಗಿರಣಿ ಯಾವುದು, ಅಂಗಡಿ ಯಾವುದು ಎಂದು ಕೇಳಿ ಬರುವುದಿಲ್ಲ.