ತಾಳೆಯಾದರೆ ನಿಜವಾಯಿತೇ?

"ಲೆಕ್ಕ ಆಕಾಶಕ್ಕೆ ತಾಳೆಯಾಗುತ್ತದಲ್ಲ, ಇನ್ನೇನು ಬೇಕು?" ಪಂಚಾಂಗದ ಗ್ರಹಣ ತೋರಿಸಿ ಹೀಗೆ ಕೇಳುವವರಿದ್ದಾರೆ, ಕಂಪ್ಯೂಟರಿನ ಗ್ರಾಫ್ ತೋರಿಸಿ ಕೇಳುವವರೂ ಇದ್ದಾರೆ. ಇಬ್ಬರಿಗೂ ನನ್ನ ಉತ್ತರ ಒಂದೇ: ಇನ್ನೂ ಬಹಳ ಬೇಕು. ಭೂಮಿಯನ್ನು ನಟ್ಟನಡುವೆ ಕೂರಿಸಿದ ಟಾಲೆಮಿಯ ಲೆಕ್ಕವೂ ಗ್ರಹಣ ಹೇಳುತ್ತಿತ್ತು.

ಕೆಪ್ಲರ್ ಮಾಡಿದ್ದನ್ನು ನೋಡಿ. ಮಂಗಳನ ಕಕ್ಷೆ ವೃತ್ತವೆಂದೇ ಹಿಡಿದು, ಟೈಕೊ ಬ್ರಾಹೆಯ ದಾಖಲೆಗಳಿಂದ ನಾಲ್ಕು ವೀಕ್ಷಣೆ ಆರಿಸಿ, ಸುಮಾರು 70 ಸಲ ಲೆಕ್ಕ ತಿದ್ದಿ ಒಂದು ಮಾದರಿ ಕಟ್ಟಿದ. ಬಳಸದೆ ಉಳಿದ ವೀಕ್ಷಣೆಗಳಿಗೂ ಅದು ಸುಮಾರು 2 ಕಲೆಯೊಳಗೆ ಹೊಂದಿತು (60 ಕಲೆಗೆ ಒಂದು ಡಿಗ್ರಿ). ನಮ್ಮ ಆಫೀಸಾಗಿದ್ದರೆ ಅಂದೇ ಸೈನ್-ಆಫ್, ಸಂಜೆಗೆ ಕೇಕ್.

ಅವನು ಅಲ್ಲಿಗೆ ನಿಲ್ಲಲಿಲ್ಲ. ಆ ವೀಕ್ಷಣೆಗಳೆಲ್ಲ ಒಂದೇ ಬಗೆಯವು, ಮಂಗಳ ಸೂರ್ಯನಿಗೆ ನೇರ ಎದುರಿದ್ದಾಗಿನವು. ಹಾಗಾಗಿ ಬೇರೆ ಬಗೆಯ ಅಳತೆ ತೆಗೆದುಕೊಂಡ: ಗ್ರಹ ಕ್ರಾಂತಿವೃತ್ತದಿಂದ ಎಷ್ಟು ಮೇಲೆ, ಎಷ್ಟು ಕೆಳಗೆ ಕಾಣುತ್ತದೆ ಎಂಬುದು. ಮಾದರಿಯ ಬಣ್ಣ ಬಯಲಾಯಿತು. ದಿಕ್ಕು ಸರಿ, ದೂರ ತಪ್ಪು. ದೂರ ಸರಿಪಡಿಸಿದರೆ ದಿಕ್ಕು 8 ಕಲೆಯವರೆಗೆ ತಪ್ಪಿತು.

8 ಕಲೆ ಎಂದರೆ ಹುಣ್ಣಿಮೆ ಚಂದ್ರನ ಅಗಲದ ಕಾಲು ಭಾಗ. ಇಡೀ ವೃತ್ತಕ್ಕೆ ಹೋಲಿಸಿದರೆ ಶೇ. 0.04 ಮಾತ್ರ. "ಹೊಂದಾಣಿಕೆ ಶೇ. 99.96" ಎಂದು ಸ್ಲೈಡಿಗೆ ಹಾಕಿದ್ದರೆ ಚಪ್ಪಾಳೆ ಬೀಳುತ್ತಿತ್ತು. ಕೆಪ್ಲರ್ ಹೋಲಿಸಿದ್ದು ವೃತ್ತಕ್ಕಲ್ಲ, ಟೈಕೊನ ಅಳತೆಯ ನಿಖರತೆಗೆ. ಟೈಕೊ 8 ಕಲೆ ತಪ್ಪುವವನಲ್ಲ. ಹಾಗಾದರೆ ತಪ್ಪಿದ್ದು ವೃತ್ತವೇ. ಎರಡು ಸಾವಿರ ವರ್ಷ ಪೂಜಿಸಿಕೊಂಡು ಬಂದ ವೃತ್ತವನ್ನು ಬಿಟ್ಟ. ಮಂಗಳನ ದಾರಿ ದೀರ್ಘವೃತ್ತವೆಂದು 1609ರ 'ಆಸ್ಟ್ರೊನೊಮಿಯಾ ನೋವಾ' ಸಾರಿತು.

ಪುಣೆಯಲ್ಲಿ ಪ್ರಾಜೆಕ್ಟ್ ನಡೆಸುವ ನನ್ನ ಮುಂದೆ ಆಗಾಗ ಇಂಥ ಶೇಕಡಾವಾರು ಬರುತ್ತದೆ. ಯಾವ ದತ್ತಾಂಶ ಹಾಕಿ ಮಾದರಿ ತಿದ್ದಿದರೋ ಅದರ ಮೇಲೇ ಪರೀಕ್ಷೆ. ಹೊಂದದ ಚುಕ್ಕೆಗಳಿಗೆ 'ಅಪವಾದ' ಎಂಬ ಹೆಸರು. ನಾನು ಎರಡೇ ಪ್ರಶ್ನೆ ಕೇಳುತ್ತೇನೆ. ಮಾದರಿ ಕಾಣದ, ಬೇರೆ ಬಗೆಯ ಅಳತೆಗೆ ಅದನ್ನು ಒಡ್ಡಿದ್ದೀರಾ? ಉಳಿದ ವ್ಯತ್ಯಾಸ ನಿಮ್ಮ ಅಳತೆಯ ದೋಷಕ್ಕಿಂತ ಚಿಕ್ಕದೇ?

ಇವೆರಡಕ್ಕೆ ಉತ್ತರಿಸದೆ 'ತಾಳೆಯಾಯಿತು' ಎನ್ನುವುದು, ನಾವೇ ಪ್ರಶ್ನೆಪತ್ರಿಕೆ ಬರೆದು, ನಾವೇ ಉತ್ತರಿಸಿ, ನಾವೇ ಫಸ್ಟ್ ಕ್ಲಾಸ್ ಕೊಟ್ಟುಕೊಂಡಂತೆ. ಆಕಾಶ ಅಂಥ ಮಾರ್ಕ್ಸ್ ಕಾರ್ಡಿಗೆ ಸಹಿ ಹಾಕುವುದಿಲ್ಲ.